ಜರ್ಮನಿಯಲ್ಲಿ ಫೀಸ್ ಇಲ್ಲ ಅಂದ್ಮೇಲೆ ಈ 14 ಲಕ್ಷ ಯಾರ ಕೈಗೆ ಹೋಗುತ್ತೆ ಅಂತ ಅಪ್ಪ ಕೇಳ್ತಿದಾರೆ

ಕಲ್ಪತರು_98

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ಮದು ತಿಪಟೂರು ಹತ್ರ ಒಂದು ಹಳ್ಳಿ. ವಿಟಿಯು ಮೆಕ್ಯಾನಿಕಲ್ ಮುಗಿಸಿದೀನಿ, ಸಿಜಿಪಿಎ 7.8, ಪೀಣ್ಯದಲ್ಲಿ ಒಂದು ಟೂಲ್ ರೂಮಲ್ಲಿ ಎರಡು ವರ್ಷದಿಂದ ಡಿಸೈನ್ ಕೆಲಸ, ಕೈಯಲ್ಲಿ ಉಳಿಸಿರೋದು 3 ಲಕ್ಷ 20 ಸಾವಿರ. ಜರ್ಮನಿಗೆ ಮಾಸ್ಟರ್ಸ್‌ಗೆ ಹೋಗ್ಬೇಕು ಅಂತ ಕಾಲೇಜಿನಿಂದಲೂ ಆಸೆ.

ಅಪ್ಪನಿಗೆ ಎರಡು ಎಕರೆ ಹತ್ತು ಗುಂಟೆ ತೆಂಗಿನ ತೋಟ, ಊರಲ್ಲಿ ತಾತ ಕಟ್ಟಿಸಿದ ಮನೆ, ಅಷ್ಟೇ. ಹೋದ ಭಾನುವಾರ ಊರಿಗೆ ಹೋಗಿ ಕೂತು ಎಲ್ಲ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು ಒಂದೇ ಮಾತು ಕೇಳಿದ್ರು, "ಫೀಸೇ ಇಲ್ಲ ಅಂತೀಯ, ಹದಿನಾಲ್ಕು ಲಕ್ಷ ಬೇಕು ಅಂತೀಯ, ಆ ದುಡ್ಡು ಯಾರ ಕೈಗೆ ಹೋಗುತ್ತವ್ವ?" ನನಗೆ ಸರಿಯಾಗಿ ಉತ್ತರ ಹೇಳಕ್ಕೆ ಬರ್ಲಿಲ್ಲ. ರಾತ್ರಿ ಅಮ್ಮನ ಹತ್ರ ಅಟ್ಟದ ಮೇಲಿರೋ ಕೊಬ್ಬರಿ ಪೂರ್ತಿ ಮಾರಿದ್ರೆ ಎಷ್ಟಾಗುತ್ತೆ ಅಂತ ಮೆಲ್ಲಗೆ ಲೆಕ್ಕ ಹಾಕ್ತಿದ್ದಿದ್ದು ಕೇಳಿಸ್ತು, ಆಮೇಲೆ ನಿದ್ದೆ ಹತ್ಲಿಲ್ಲ.

ಇನ್ನೊಂದು ಕಡೆ ಒಂದು ಕನ್ಸಲ್ಟೆನ್ಸಿಯವರು ನಿಮ್ಮ ಸಿಜಿಪಿಎಗೆ ಸರ್ಕಾರಿ ಯೂನಿವರ್ಸಿಟಿ ಸಿಗಲ್ಲ ಪ್ರೈವೇಟ್ ತಗೊಳ್ಳಿ ವರ್ಷಕ್ಕೆ 11 ಸಾವಿರ ಯೂರೋ ಆಗುತ್ತೆ ವಾರದಲ್ಲಿ ಆಫರ್ ಲೆಟರ್ ತರಿಸಿಕೊಡ್ತೀವಿ ಈ ಅಕ್ಟೋಬರ್‌ಗೇ ಹೋಗ್ಬೋದು ಅಂತಿದಾರೆ. ತೋಟ ಅಡ ಇಟ್ರೆ ಬ್ಯಾಂಕಲ್ಲಿ ಸಾಲ ಸಿಗುತ್ತಾ? ಅಪ್ಪನಿಗೆ ಏನಂತ ಹೇಳ್ಲಿ?

ಮಂಡ್ಯ ಟು ಮ್ಯಾಗ್ಡೆಬರ್ಗ್

ತಂಗಿ, ಮೊದಲು ನಿಮ್ಮ ತಂದೆಯವರ ಪ್ರಶ್ನೆ. ಅವರು ಕೇಳಿದ್ದು ನೂರಕ್ಕೆ ನೂರು ಸರಿ, ಇದನ್ನ ಕೇಳ್ದೆ ಹೊರಟು ಬಂದವರನ್ನ ಇಲ್ಲಿ ಬೇಕಾದಷ್ಟು ಜನ ನೋಡಿದೀನಿ. ಉತ್ತರ ಇಷ್ಟೇ, ಆ ದುಡ್ಡು ಯಾರ ಕೈಗೂ ಹೋಗಲ್ಲ, ನಿಮ್ಮ ಹೆಸರಲ್ಲೇ ಇರುತ್ತೆ. ಅದಕ್ಕೆ ಬ್ಲಾಕ್ಡ್ ಅಕೌಂಟ್ ಅಂತಾರೆ. ಒಂದು ವರ್ಷ ಊಟ ಬಾಡಿಗೆಗೆ ನಿಮ್ಮ ಹತ್ರ ದುಡ್ಡಿದೆ ಅಂತ ವೀಸಾ ಆಫೀಸಿಗೆ ತೋರಿಸಬೇಕು, 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ನೀವು ಇಲ್ಲಿಗೆ ಬಂದ್ಮೇಲೆ ತಿಂಗಳಿಗೆ 992 ಯೂರೋ ಹಾಗೆ ನಿಮಗೇ ಬಿಡ್ತಾರೆ. ಲೆಕ್ಕ ಸುಲಭ ಆಗ್ಲಿ ಅಂತ ಯೂರೋಗೆ 100 ರೂಪಾಯಿ ಹಿಡಿದ್ರೆ 12 ಲಕ್ಷ ಹತ್ರ ಆಯ್ತು, ದುಡ್ಡು ಕಳಿಸೋ ದಿನದ ರೇಟು ನೋಡ್ಕೊಂಡು ಮೇಲೆ ಒಂದಿಷ್ಟು ಇಟ್ಕೊಳ್ಳಿ. ವೀಸಾ ಸಿಗದೇ ಹೋದ್ರೆ ಸರ್ವಿಸ್ ಚಾರ್ಜ್ ಬಿಟ್ಟು ಆ ದುಡ್ಡು ವಾಪಸ್ ಬರುತ್ತೆ. ಇದನ್ನ ಮನೇಲಿ ಒತ್ತಿ ಹೇಳಿ, ಫೀಸ್ ಕಟ್ಟೋದು ಬೇರೆ, ಇದು ಬೇರೆ.

ಮಿಕ್ಕಿದ 2 ಲಕ್ಷ ನಿಜವಾದ ಖರ್ಚು. ಎಪಿಎಸ್ ಸರ್ಟಿಫಿಕೇಟಿಗೆ 18 ಸಾವಿರ, 2022ರ ನವೆಂಬರ್‌ನಿಂದ ಭಾರತದವರಿಗೆ ಇದು ಕಡ್ಡಾಯ ಮಾಡಿದಾರೆ, ನಿಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಹೌದೋ ಅಲ್ವೋ ಅಂತ ನೋಡಿ ಕೊಡೋದು. ಐಇಎಲ್‌ಟಿಎಸ್ ಅಂತ ಇಂಗ್ಲಿಷ್ ಪರೀಕ್ಷೆಗೆ ಇನ್ನೊಂದು 18 ಸಾವಿರ ಹತ್ರ. ಯೂನಿ ಅಸಿಸ್ಟ್ ಅಂತ ಎಷ್ಟೋ ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತಗೊಳ್ಳೋ ಸಂಸ್ಥೆ ಇದೆ, ಅದರ ಮೂಲಕ ಹಾಕಿದ್ರೆ ಮೊದಲನೇದಕ್ಕೆ 75 ಯೂರೋ, ಆಮೇಲಿಂದ ಒಂದೊಂದಕ್ಕೂ 30. ವೀಸಾ ಫೀಸ್ 75 ಯೂರೋ. ಫ್ಲೈಟು, ಟ್ರಾನ್ಸ್‌ಕ್ರಿಪ್ಟು, ಕೊರಿಯರ್ರು, ರೂಮಿನ ಡೆಪಾಸಿಟ್ಟು, ಸೆಮಿಸ್ಟರ್ ಕಾಂಟ್ರಿಬ್ಯೂಷನ್ನು (ಪ್ರತಿ ಸೆಮಿಸ್ಟರ್ ಯೂನಿವರ್ಸಿಟಿಗೆ ಕಟ್ಟೋ ಸಣ್ಣ ಮೊತ್ತ) ಅಂತ ಉಳಿದದ್ದು ಹೋಗುತ್ತೆ. ಇದರಲ್ಲಿ ಒಂದಿಷ್ಟು ಸಾಲ ಮಂಜೂರಾಗೋ ಮುಂಚೆನೇ ಕೈಯಿಂದ ಹೋಗೋದು, ಹಾಗಾಗಿ ನಿಮ್ಮ 3 ಲಕ್ಷ 20 ಸಾವಿರಾನ ಎಲ್ಲೂ ಹಾಕ್ಬೇಡಿ, ಮುಟ್ಟಬೇಡಿ.

ಸಿಜಿಪಿಎ ಬಗ್ಗೆ ಆ ಕನ್ಸಲ್ಟೆನ್ಸಿಯವರು ಹೇಳಿದ್ದು ಸುಳ್ಳು. ಇಲ್ಲಿನ ಗ್ರೇಡಲ್ಲಿ 1 ಅಂದ್ರೆ ಅತ್ಯುತ್ತಮ, 4 ಅಂದ್ರೆ ಜಸ್ಟ್ ಪಾಸ್. ಗರಿಷ್ಠದಲ್ಲಿ ನಿಮ್ಮ ಅಂಕ ಕಳೀರಿ, ಅದನ್ನ ಗರಿಷ್ಠ ಕನಿಷ್ಠಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. 10ಕ್ಕೆ 7.8, ಕನಿಷ್ಠ ಪಾಸ್ 4 ಅಂತ ಹಿಡಿದ್ರೆ 2.1 ಬರುತ್ತೆ. 2.5ರ ಒಳಗಿರೋರನ್ನ ತಗೊಳ್ಳೋ ಕೋರ್ಸ್ ಎಷ್ಟೋ ಇವೆ. ಡಿಎಎಡಿ ಅಂತ ಹೊರದೇಶದ ವಿದ್ಯಾರ್ಥಿಗಳಿಗೆ ಮಾಹಿತಿ, ಸ್ಕಾಲರ್‌ಶಿಪ್ ಕೊಡೋ ಜರ್ಮನ್ ಸಂಸ್ಥೆ, ಅದರ ವೆಬ್‌ಸೈಟಲ್ಲಿ ಕೋರ್ಸ್ ಹುಡುಕೋ ಜಾಗ ಇದೆ, ಬಿಟ್ಟಿ, ಒಂದು ಶನಿವಾರ ಕೂತ್ಕೊಂಡ್ರೆ ಹತ್ತು ಸಿಗುತ್ತೆ.

ಆದ್ರೆ ಜರ್ಮನಿ ಪೂರ್ತಿ ಫೀಸ್ ಇಲ್ಲ ಅನ್ನೋದೂ ಸರಿಯಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಅಂದ್ರೆ ಸ್ಟುಟ್‌ಗಾರ್ಟ್ ಕಾರ್ಲ್ಸ್‌ರೂಹೆ ಕಡೆ, 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುರು ಮಾಡಿದೆ, ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಇಲ್ಲ 6,000. ಒಂದೊಂದು ಕೋರ್ಸಿನ ಪೇಜೂ ತೆಗೆದು ನೋಡ್ಲೇಬೇಕು.

ಹುಬ್ಬಳ್ಳಿಯಾಂವ

ಅಕ್ಕಾ, ಆ ಕನ್ಸಲ್ಟೆನ್ಸಿಯವರಿಗೆ ಒಂದ್ ರೂಪಾಯಿ ಕೊಡಬ್ಯಾಡ್ರಿ. ನಂದು ಇದೇ ಕಥಿ ಆಗೇತಿ. ನನಗೂ ಸರ್ಕಾರಿದು ಸಿಗಂಗಿಲ್ಲ ಅಂತ ಹೆದರ್ಸಿ ಒಂದು ಪ್ರೈವೇಟ್ ಕಾಲೇಜಿಗೆ ಆರೂವರೆ ಲಕ್ಷ ಮೊದಲನೇ ಕಂತು ಕಟ್ಟಿಸಿದ್ರು. ವೀಸಾ ರಿಜೆಕ್ಟ್ ಆತು. ರೀಫಂಡ್ ಕೇಳಿದ್ರ ಕಾಲೇಜಿನವರು ಏಜೆಂಟನ್ನ ಕೇಳ್ರಿ ಅಂದ್ರು, ಏಜೆಂಟ್ ಕಾಲೇಜನ್ನ ಕೇಳ್ರಿ ಅಂದ, ಎಂಟು ತಿಂಗಳ ಮ್ಯಾಲ ಕಟ್ ಮಾಡ್ಕೊಂಡು ಕೊಟ್ರು. ಅಷ್ಟೂ ತಿಂಗಳು ಬ್ಯಾಂಕಿನ ಬಡ್ಡಿ ಮಾತ್ರ ನಿಂದ್ರಲಿಲ್ಲ. ನಮ್ಮ ಅವ್ವ ದಿನಾ ಫೋನ್ ಮಾಡಿ ಬಂತೇನೋ ಬಂತೇನೋ ಅಂತ ಕೇಳಾಕಿ, ಅದು ಕೇಳಿದ್ರ ಹೊಟ್ಟ್ಯಾಗ ಸಂಕಟ ಆಗೋದು.

ಅವರು ನಮ್ಮ ಕಡೆ ರೊಕ್ಕ ತಗೊಳ್ಳೋದಿಲ್ಲ ಫ್ರೀ ಸರ್ವಿಸ್ ಅಂತಾರಲ್ರಿ, ಪ್ರೈವೇಟ್ ಕಾಲೇಜಿನಿಂದ ಅವರಿಗೆ ಕಮಿಷನ್ ಇರ್ತದ. ಸರ್ಕಾರಿ ಯೂನಿವರ್ಸಿಟಿಯಿಂದ ಕಮಿಷನ್ ಹುಟ್ಟಂಗಿಲ್ಲ, ಅದಕ್ಕ ಅದು ಸಿಗಂಗಿಲ್ಲ ಅಂತಾರ. ಮತ್ತ ಮೊದಲು ವೀಸಾ ರಿಜೆಕ್ಟ್ ಆದ್ರ ಒಂದು ಪತ್ರ ಬರದು ಮತ್ತೊಮ್ಮೆ ನೋಡ್ರಿ ಅಂತ ಕೇಳಾಕ ಬರ್ತಿತ್ತು, 2025ರ ಜುಲೈಯಿಂದ ಅದನ್ನೂ ತಗದಾರ, ಈಗ ಹೊಸದಾಗಿ ಅರ್ಜಿ ಹಾಕಬೇಕು ಇಲ್ಲ ಅಲ್ಲಿ ಕೋರ್ಟಿಗೆ ಹೋಗಬೇಕು. ನಾನು ಮರು ವರ್ಷ ನಾನs ಕೂತು ಆರು ಸರ್ಕಾರಿ ಯೂನಿವರ್ಸಿಟಿಗೆ ಅರ್ಜಿ ಹಾಕಿದೆ, ಎರಡು ಸಿಕ್ಕುವು.

ನಿವೃತ್ತ ಶಾಖಾ ವ್ಯವಸ್ಥಾಪಕ

ಅಮ್ಮಾ, 31 ವರ್ಷ ಬ್ಯಾಂಕಲ್ಲಿದ್ದೆ, ಅದರಲ್ಲಿ ಹತ್ತು ವರ್ಷ ಸಾಲದ ಟೇಬಲ್ಲು. ನಿಮ್ಮ ತೋಟದ ವಿಷಯಕ್ಕೆ ಬರ್ತೀನಿ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನ ಸಾಮಾನ್ಯವಾಗಿ ಬ್ಯಾಂಕ್ ಒಪ್ಪಲ್ಲ, ಮನೆ, ಸೈಟು, ಫ್ಲಾಟು ಇಲ್ಲ ಎಫ್‌ಡಿ ಬೇಕು. ಏಳೂವರೆ ಲಕ್ಷದ ತನಕ ಅಡಮಾನ ಕೇಳಲ್ಲ, ತಂದೆ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಿದ್ರೆ ಸಾಕು. ನಿಮಗೆ ಅದಕ್ಕಿಂತ ಮೇಲೆ ಬೇಕಲ್ಲ, ಹಾಗಾಗಿ ನಿಮ್ಮ ದಾರಿ ಆ ಊರಿನ ಮನೆ. ಅಡಮಾನ ಇಲ್ದೆ ಕೊಡೋ ಪ್ರೈವೇಟ್ ಫೈನಾನ್ಸ್ ಕಂಪನಿಗಳೂ ಇವೆ, ಬಡ್ಡಿ ಎರಡು ಮೂರು ಪರ್ಸೆಂಟ್ ಜಾಸ್ತಿ, ಓದುವಾಗಲೇ ಕಟ್ಟು ಅಂತಾರೆ. ಅಲ್ಲಿಗೆ ಕೊನೆಗೆ ಹೋಗಿ.

ಈಗ ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ಇವತ್ತೇ ಮನೆಗೆ ಫೋನ್ ಮಾಡಿ ತಿಳ್ಕೊಳ್ಳಿ. ಆ ಮನೆ ಖಾತೆ ಯಾರ ಹೆಸರಲ್ಲಿದೆ?

ಕಲ್ಪತರು_98

ಸರ್ ಈಗಷ್ಟೇ ಕೇಳ್ದೆ. ಇನ್ನೂ ತಾತನ ಹೆಸರಲ್ಲೇ ಇದೆಯಂತೆ. ತಾತ ತೀರಿಕೊಂಡು 9 ವರ್ಷ ಆಯ್ತು. ಅಪ್ಪ, ಇಬ್ಬರು ಅತ್ತೆಯರು, ಮೂರೇ ಜನ ಮಕ್ಕಳು.

ನಿವೃತ್ತ ಶಾಖಾ ವ್ಯವಸ್ಥಾಪಕ

ಹಾಗೇ ಇರುತ್ತೆ ಅಂತ ಅಂದ್ಕೊಂಡೆ, ನಮ್ಮ ಹಳ್ಳಿಗಳಲ್ಲಿ ಹತ್ತರಲ್ಲಿ ಆರು ಮನೆ ಹೀಗೇ. ಹೆದರಬೇಡಿ, ಆದ್ರೆ ಅಡ್ಮಿಷನ್ ಬಂದ್ಮೇಲೆ ನೋಡೋಣ ಅನ್ನಬೇಡಿ. ಅಡ್ಮಿಷನ್ ಲೆಟರ್ ಹಿಡ್ಕೊಂಡು ಬ್ಯಾಂಕಿಗೆ ಬಂದು, ಖಾತೆ ತಾತನ ಹೆಸರಲ್ಲಿದೆ ಅಂತ ಅಲ್ಲೇ ಗೊತ್ತಾಗಿ, ಕಣ್ಣೀರು ಹಾಕ್ಕೊಂಡು ಹೋದ ಮಕ್ಕಳನ್ನ ನಾನೇ ನೋಡಿದೀನಿ. ನಾನು ರೂಲ್ಸ್ ಮೀರಿ ಏನೂ ಮಾಡೋ ಹಾಗಿರ್ಲಿಲ್ಲ. ಅದಕ್ಕೇ ಇಷ್ಟು ಬರೀತಿದೀನಿ.

ಮೊದಲು ತಾತನ ಮರಣ ಪ್ರಮಾಣ ಪತ್ರ. ಅಜ್ಜಿ ಇಲ್ಲದಿದ್ರೆ ಅವರದೂ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ, ಅದರಲ್ಲಿ ಅತ್ತೆಯರ ಹೆಸರು ಬಿಡಬೇಡಿ, ಹೆಣ್ಣುಮಕ್ಕಳನ್ನ ಬಿಟ್ಟು ಬರೆಸೋ ಕೆಟ್ಟ ಅಭ್ಯಾಸ ಈಗಲೂ ಇದೆ, ಬ್ಯಾಂಕಿನ ವಕೀಲರು ಮೊದಲು ನೋಡೋದೇ ಅದನ್ನ. ಆಮೇಲೆ ಪಂಚಾಯಿತಿಯಲ್ಲಿ ಖಾತೆ ಬದಲಾವಣೆ, ಇ-ಸ್ವತ್ತಿನ ನಮೂನೆ 9, 11. ಸಬ್ ರಿಜಿಸ್ಟ್ರಾರ್ ಆಫೀಸಿನ ಇಸಿ, ಅಂದ್ರೆ ಋಣಭಾರ ಪ್ರಮಾಣ ಪತ್ರ, ಕಾವೇರಿ ವೆಬ್‌ಸೈಟಲ್ಲೇ ಸಿಗುತ್ತೆ. ಇದೆಲ್ಲ ಆದ್ಮೇಲೆ ವಕೀಲರ ಲೀಗಲ್ ಒಪಿನಿಯನ್ನು, ಪ್ಯಾನಲ್ ಎಂಜಿನಿಯರ್ ಬಂದು ಮನೆ ಬೆಲೆ ಕಟ್ಟೋದು.

ಅತ್ತೆಯರಿಗೆ ಆ ಮನೆಯಲ್ಲಿ ಹಕ್ಕಿದೆ. ಎರಡು ದಾರಿ. ಒಂದು, ಅವರು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡೋದು. ಇನ್ನೊಂದು, ಹಕ್ಕು ಅವರಲ್ಲೇ ಉಳಿಸ್ಕೊಂಡು ಮೂರೂ ಜನ ಸೇರಿ ಅಡಮಾನಕ್ಕೆ ಸಹಿ ಹಾಕೋದು, ಇದಕ್ಕೆ ಶಾಖೆಯವರನ್ನ ಮೊದಲೇ ಕೇಳಿ ಒಪ್ಪಿಸ್ಬೇಕು. ಯಾವುದೇ ಆಗ್ಲಿ ಅವರ ಮುಂದೆ ಕೂತು ಯಾತಕ್ಕೆ ಸಹಿ, ಸಾಲ ಕಟ್ಟದಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಿ ಹಾಕಿಸ್ಕೊಳ್ಳಿ. ಸುಮ್ನೆ ಸಹಿ ಹಾಕಕ್ಕ ಅಂತ ಪೇಪರ್ ಮುಂದಿಟ್ರೆ ನಾಳೆ ಸಂಬಂಧ ಕೆಡುತ್ತೆ.

ಲೆಕ್ಕ ನೋಡಿ. 14 ಲಕ್ಷದ ಅಂದಾಜಿಗೆ ವಿದೇಶದ ಓದಾದ್ರಿಂದ 15 ಪರ್ಸೆಂಟ್ ಮಾರ್ಜಿನ್ ನಿಮ್ಮದು, 2 ಲಕ್ಷ 10 ಸಾವಿರ. ಬ್ಯಾಂಕ್ ಕೊಡೋದು 11 ಲಕ್ಷ 90 ಸಾವಿರ. ಬಡ್ಡಿ 10 ಪರ್ಸೆಂಟ್ ಅಂತ ಹಿಡಿದ್ರೆ ತಿಂಗಳಿಗೆ 10 ಸಾವಿರ ಹತ್ರ. ಓದೋ ಎರಡು ವರ್ಷ, ಮೇಲೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದ್ರೆ ಬಡ್ಡಿ ಓಡ್ತಾನೇ ಇರುತ್ತೆ. ಏನೂ ಕಟ್ಟದೇ ಬಿಟ್ರೆ ಮೂರು ವರ್ಷಕ್ಕೆ ಸಾಲ ಹದಿನೈದೂವರೆ ಲಕ್ಷ, ಹತ್ತು ವರ್ಷದ ಕಂತು ತಿಂಗಳಿಗೆ 20 ಸಾವಿರದ ಮೇಲೆ. ಬಡ್ಡಿ ಮಾತ್ರ ಕಟ್ಕೊಂಡು ಬಂದ್ರೆ ಕಂತು 16 ಸಾವಿರದ ಒಳಗೇ ನಿಲ್ಲುತ್ತೆ. ನಿಮ್ಮ ತಂದೆಯವರಿಗೆ ಹೇಳಿ, ಅಟ್ಟದ ಕೊಬ್ಬರಿ ಒಂದೇ ಸಲ ಖಾಲಿ ಮಾಡೋದು ಬೇಡ, ಅದು ಈ ಬಡ್ಡಿಗೆ ಇರ್ಲಿ.

ಇನ್ನೊಂದು, ಪಿಎಂ ವಿದ್ಯಾಲಕ್ಷ್ಮಿ ಅಂತ 2024ರಲ್ಲಿ ಬಂದ ಯೋಜನೆ ನಮ್ಮ ದೇಶದೊಳಗಿನ ಕಾಲೇಜುಗಳಿಗೆ. ಅದರ ಬಡ್ಡಿ ರಿಯಾಯಿತಿ ನಿಮಗೆ ಅನ್ವಯ ಆಗಲ್ಲ, ಎಷ್ಟೋ ಜನ ಇದನ್ನ ನಂಬ್ಕೊಂಡು ಬರ್ತಾರೆ. ಟಿಸಿಎಸ್, ಅಂದ್ರೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕ್ ಹಿಡ್ಕೊಳ್ಳೋ ತೆರಿಗೆ, ಅದರ ಬಗ್ಗೆ ಚಿಂತೆ ಬೇಡ, 2025ರ ಏಪ್ರಿಲ್‌ನಿಂದ ಬ್ಯಾಂಕ್ ಸಾಲದ ದುಡ್ಡಿಗೆ ಅದು ಇಲ್ಲ, ಸ್ವಂತ ದುಡ್ಡಿಗೂ ವರ್ಷಕ್ಕೆ 10 ಲಕ್ಷದ ತನಕ ಇಲ್ಲ.

ದಿನಕ್ಕೊಂದು ಗೇಟ್

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲ ಮನೆ ಅಡ ಇಟ್ಟು ಹೋಗೋದು ಯಾಕೆ? ಗೇಟ್ ಅಂತ ಎಂಟೆಕ್ ಪ್ರವೇಶ ಪರೀಕ್ಷೆ ಬರೆದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೋ ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಎಂಟೆಕ್ ಮಾಡಿದ್ರೆ ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತೆ. ಜರ್ಮನಿಯಲ್ಲಿ ಈಗ ಕಾರ್ ಕಂಪನಿಗಳೇ ಜನರನ್ನ ತೆಗೀತಿವೆ, ಮೆಕ್ಯಾನಿಕಲ್‌ಗೆ ಕೆಲಸ ಕಷ್ಟ ಅಂತ ನನ್ನ ಫ್ರೆಂಡ್ಸೇ ಹೇಳ್ತಿದಾರೆ. ಯೋಚನೆ ಮಾಡಿ.

ಮೆಕ್ಯಾನಿಕಲ್ ಅಕ್ಕ

ಗೇಟ್ ಬಗ್ಗೆ ಹೇಳಿದ್ದು ಒಳ್ಳೇ ಮಾತು, ಅದನ್ನೂ ಬರೀಲಿ. ಕೆಲಸ ಕಷ್ಟ ಅನ್ನೋದೂ ನಿಜ. ನಾನು ಸ್ಟುಟ್‌ಗಾರ್ಟ್ ಹತ್ರ ಮಷೀನ್ ಕಂಪನೀಲಿದೀನಿ. ನಮ್ಮ ಬ್ಯಾಚಲ್ಲಿ ಕೆಲಸ ಸಿಗದೇ ಒದ್ದಾಡಿದವರು ಯಾರು ಅಂತ ನೋಡಿದ್ರೆ ಹೆಚ್ಚಿನವರು ಜರ್ಮನ್ ಕಲೀದೇ ಇದ್ದವರು. ಕೋರ್ಸ್ ಇಂಗ್ಲಿಷಲ್ಲಿದೆ ಅಂತ ಎರಡು ವರ್ಷ ಸುಮ್ನೆ ಇದ್ರು, ಆಮೇಲೆ ಇಂಟರ್‌ವ್ಯೂಗೆ ಹೋದ್ರೆ ಶಾಪ್ ಫ್ಲೋರಲ್ಲಿ ಮಾತಾಡೋದು ಪೂರ್ತಿ ಜರ್ಮನ್. ಓದು ಮುಗಿದ್ಮೇಲೆ ಕೆಲಸ ಹುಡುಕಕ್ಕೆ 18 ತಿಂಗಳು ಕೊಡ್ತಾರೆ, ಭಾಷೆ ಇಲ್ದಿದ್ರೆ ಆ 18 ತಿಂಗಳು ಭಾಷೆ ಕಲಿಯಕ್ಕೇ ಹೋಗುತ್ತೆ.

ನೀನು ಬೆಂಗಳೂರಲ್ಲೇ ಇದೀಯಲ್ಲ ಕಣೆ, ಇಂದಿರಾನಗರದ ಸಿಎಂಎಚ್ ರೋಡಲ್ಲಿ ಜರ್ಮನ್ ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಪೀಣ್ಯದಿಂದ ಮೆಟ್ರೋಲೇ ಹೋಗ್ಬೋದು. ಈಗ ಶುರು ಮಾಡಿದ್ರೆ ಹೊರಡೋ ಹೊತ್ತಿಗೆ ಬಿ1 (ಎ1, ಎ2 ಆದ್ಮೇಲೆ ಬರೋ ಮೂರನೇ ಹಂತ) ಮುಗಿಯುತ್ತೆ. ಈ 14 ಲಕ್ಷದಲ್ಲಿ ಅತಿ ಹೆಚ್ಚು ವಾಪಸ್ ಕೊಡೋ ಖರ್ಚು ಇದೊಂದೇ ಅಂತ ನನ್ನ ನಂಬಿಕೆ. ಮತ್ತೆ ನಿನಗೆ ಎರಡು ವರ್ಷದ ಅನುಭವ ಆಗಿದೆ, ಡಿಎಎಡಿಯ ಇಪಿಒಎಸ್ ಸ್ಕಾಲರ್‌ಶಿಪ್ ಎರಡು ವರ್ಷ ಕೆಲಸ ಮಾಡಿದವರಿಗೇ ಇರೋದು, ಕೋರ್ಸ್ ಪಟ್ಟಿ ಚಿಕ್ಕದು, ಆದ್ರೂ ನೋಡು. ಜೆ ಎನ್ ಟಾಟಾ ಎಂಡೋಮೆಂಟ್ 1892ರಿಂದ ಸಾಲ ಸ್ಕಾಲರ್‌ಶಿಪ್ ಕೊಡ್ತಾ ಬಂದಿದೆ, ಅದಕ್ಕೂ ಹಾಕು. ಇಲ್ಲಿಗೆ ಬಂದ್ಮೇಲೆ ಡಾಯ್ಚ್‌ಲ್ಯಾಂಡ್ ಸ್ಟಿಪೆಂಡಿಯಮ್ ಅಂತ ತಿಂಗಳಿಗೆ 300 ಯೂರೋ, ಹೊರದೇಶದವರೂ ಹಾಕ್ಬೋದು. ಈ ಪೋಸ್ಟ್ ಓದ್ತಿರೋ ಬೇರೆಯವರಿಗೂ ಒಂದು ಮಾತು, ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಸಾಲ ತಗೊಳ್ಳೋ ಮುಂಚೆ ಅದನ್ನ ವಿಚಾರಿಸಿ.

ಕಲ್ಪತರು_98

ಎಲ್ರಿಗೂ ತುಂಬ ಥ್ಯಾಂಕ್ಸ್, ಎರಡು ಸಲ ಓದಿದೆ. ಒಂದು ಕೇಳ್ಬೇಕು, ಬ್ಲಾಕ್ಡ್ ಅಕೌಂಟು ಒಂದು ವರ್ಷಕ್ಕೆ ಅಂದ್ರಿ, ಎರಡನೇ ವರ್ಷಕ್ಕೆ? ಪಾರ್ಟ್ ಟೈಮ್ ಕೆಲಸದಲ್ಲಿ ನಡೆಯುತ್ತಾ?

ಮಂಡ್ಯ ಟು ಮ್ಯಾಗ್ಡೆಬರ್ಗ್

ಎಲ್ರೂ ಮರೆಯೋದೇ ಇದನ್ನ. ಇಲ್ಲಿ ಇರಕ್ಕೆ ಕೊಡೋ ಪರ್ಮಿಟ್ ರಿನ್ಯೂ ಮಾಡಿಸುವಾಗ ಮುಂದಿನ ದಿನಗಳಿಗೆ ದುಡ್ಡೆಲ್ಲಿದೆ ಅಂತ ಮತ್ತೆ ಕೇಳ್ತಾರೆ, ಅಕೌಂಟ್ ಬ್ಯಾಲೆನ್ಸೋ ಕೆಲಸದ ಕಾಂಟ್ರಾಕ್ಟೋ ತೋರಿಸ್ಬೇಕು. ವರ್ಷಕ್ಕೆ 140 ಪೂರ್ತಿ ದಿನ ಇಲ್ಲ 280 ಅರ್ಧ ದಿನ ಕೆಲಸ ಮಾಡ್ಬೋದು, 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ಕೇಳಕ್ಕೆ ಚೆನ್ನಾಗಿದೆ, ಆದ್ರೆ ಮೊದಲ ಆರು ತಿಂಗಳು ಕೆಲಸ ಸಿಗುತ್ತೆ ಅಂತ ಲೆಕ್ಕದಲ್ಲಿ ಬರೀಲೇಬೇಡಿ. ನಾನು ಮೂರನೇ ಸೆಮಿಸ್ಟರ್‌ನಲ್ಲಿ ಡಿಪಾರ್ಟ್‌ಮೆಂಟಲ್ಲೇ ಲ್ಯಾಬ್ ಕೆಲಸ ಹಿಡಿದೆ, ಅಲ್ಲಿ ತನಕ ಪೂರ್ತಿ ಬ್ಲಾಕ್ಡ್ ಅಕೌಂಟಿನ ಮೇಲೇ ಇದ್ದೆ.

ನಾನಿದ್ದಾಗ ತಿಂಗಳಿಗೆ ಹಾಸ್ಟೆಲ್ ರೂಮ್ 270 ಯೂರೋ, ಇನ್ಶೂರೆನ್ಸ್ 120 ಚಿಲ್ಲರೆ, ಅದೀಗ 150 ಹತ್ರ ಆಗಿದೆ, ಊಟಕ್ಕೆ 180. ಅಡುಗೆ ನಾನೇ ಮಾಡ್ತಿದ್ದೆ. ಮ್ಯಾಗ್ಡೆಬರ್ಗ್‌ನಂಥ ಪೂರ್ವದ ಊರುಗಳಲ್ಲಿ ಹೀಗೆ ನಡೆಯುತ್ತೆ, ಮ್ಯೂನಿಕಲ್ಲಿ 992 ಸಾಲಲ್ಲ. ಅದಕ್ಕೇ ಕೋರ್ಸ್ ನೋಡುವಾಗ ಊರೂ ನೋಡಿ.

ಮತ್ತೆ ಕೈಯಲ್ಲಿ ಮೊದಲ ತಿಂಗಳಿಗೆ ಅಂತ ಸಾವಿರದಿಂದ ಸಾವಿರದೈನೂರು ಯೂರೋ ಬೇರೆ ಇರ್ಲಿ. ನಾನು ಅಕ್ಟೋಬರ್ 2ರ ರಾತ್ರಿ ಬಂದಿಳಿದೆ, 3ನೇ ತಾರೀಕು ಇವರ ರಾಷ್ಟ್ರೀಯ ರಜೆ, ಅಂಗಡಿ ಒಂದೂ ತೆಗೆದಿಲ್ಲ. ಅಮ್ಮ ಕಟ್ಟಿಕೊಟ್ಟ ಅವಲಕ್ಕಿ, ಹುರಿಗಾಳು ಇತ್ತು, ನಲ್ಲಿ ನೀರಲ್ಲಿ ನೆನೆಸಿ ತಿಂದೆ. ಇಲ್ಲಿನ ಅಕೌಂಟ್ ತೆರೆದು ವಿಳಾಸ ರಿಜಿಸ್ಟರ್ ಆಗಿ ಮೊದಲ ತಿಂಗಳ ದುಡ್ಡು ಕೈಗೆ ಬರೋ ಹೊತ್ತಿಗೆ ನನಗೆ 24 ದಿನ ಹಿಡೀತು.

ನಿವೃತ್ತ ಶಾಖಾ ವ್ಯವಸ್ಥಾಪಕ

ಎರಡನೇ ವರ್ಷದ ದುಡ್ಡಿಗೆ ಒಂದು ಉಪಾಯ ಇದೆಯಮ್ಮ. ಮನೆ ಬೆಲೆ ಸಾಲುತ್ತೆ ಅಂದ್ರೆ ಎರಡೂ ವರ್ಷದ ಖರ್ಚು ತೋರಿಸಿ ಮಂಜೂರು ಮಾಡಿಸ್ಕೊಳ್ಳಿ, ಎಳೆಯೋದು ಮಾತ್ರ ಬೇಕಾದಷ್ಟೇ. ಎಳೆದದ್ದಕ್ಕಷ್ಟೇ ಬಡ್ಡಿ. ಕೆಲಸ ಸಿಕ್ರೆ ಉಳಿದದ್ದನ್ನ ಮುಟ್ಟೋದೇ ಬೇಡ.

ಕಲ್ಲುಕೋಟೆ ಅಪ್ಪ

ನಾನು ಶಿರಾ ಕಡೆಯವ, ಮಗಳು ಡ್ರೆಸ್ಡೆನ್‌ನಲ್ಲಿ ಓದ್ತಾ ಇದಾಳೆ. ಮಗಾ, ನಿಮ್ಮಪ್ಪನ ಜಾಗದಲ್ಲಿ ನಾನೂ ಇದ್ದೆ. ನನಗೆ ಭಯ ಆಗಿದ್ದು ಸಾಲಕ್ಕಲ್ಲ, ಮಗಳು ಏನೋ ಮುಚ್ಚಿಡ್ತಿದಾಳೇನೋ ಅಂತ. ಅವಳು ಕೊನೆಗೆ ನನ್ನ ಪಕ್ಕ ಕೂತು ರೂಲ್ ಹಾಳೆ ಮೇಲೆ ಮೂರು ಗೆರೆ ಎಳೆದು ಬರೆದ್ಲು, ಹೋಗೋ ದುಡ್ಡು, ನಿನ್ನ ಹೆಸರಲ್ಲೇ ಇರೋ ದುಡ್ಡು, ಬ್ಯಾಂಕಿಗೆ ಕಟ್ಟೋ ದುಡ್ಡು ಅಂತ. ಆ ಹಾಳೆ ಇನ್ನೂ ನನ್ನ ಪಾಸ್‌ಬುಕ್ಕಲ್ಲಿದೆ. ನೀನೂ ಹಾಗೆ ಬರೆದು ತೋರಿಸು. ಮತ್ತೆ ಈ ಅಕ್ಟೋಬರ್‌ಗೇ ಅಂತ ಓಡಬೇಡ. ನಮಗೆ ಖಾತೆ ಬದಲಾಗಕ್ಕೇ ಐದು ತಿಂಗಳಾಯ್ತು.

ಕಲ್ಪತರು_98

ಮೂರು ವಾರ ಆದ್ಮೇಲೆ ಬರೀತಿದೀನಿ. ಕನ್ಸಲ್ಟೆನ್ಸಿಗೆ ಬೇಡ ಅಂದೆ. ಈ ಅಕ್ಟೋಬರ್ ಬಿಟ್ಟು ಮುಂದಿನ ವರ್ಷದ ಅಕ್ಟೋಬರ್ ಅಂತ ತೀರ್ಮಾನ ಮಾಡಿದೀವಿ, ಅಷ್ಟರಲ್ಲಿ ಗೇಟೂ ಬರೀತೀನಿ. ಶನಿವಾರ ಭಾನುವಾರ ಜರ್ಮನ್ ಕ್ಲಾಸ್‌ಗೆ ಸೇರಿದೀನಿ, ಎ1.

ಶಿರಾ ಅಂಕಲ್ ಹೇಳಿದ ಹಾಗೆ ಮೂರು ಗೆರೆ ಎಳೆದು ಬರೆದು ತೋರಿಸ್ದೆ. ಅಪ್ಪ ಕನ್ನಡಕ ಹಾಕ್ಕೊಂಡು ಎರಡನೇ ಗೆರೆ ಮೇಲೆ ಬೆರಳಿಟ್ಟು, "ಇದು ನಿನ್ನ ಹೆಸರಲ್ಲೇ ಇರುತ್ತೆ ತಾನೆ?" ಅಂತ ಎರಡು ಸಲ ಕೇಳಿದ್ರು. ಆಮೇಲೆ ಕೊಬ್ಬರಿ ಲೆಕ್ಕದ ಪುಸ್ತಕ ತಂದು ತಿಂಗಳಿಗೆ 10 ಸಾವಿರ ಅಂತ ಹೊಸ ಪುಟದಲ್ಲಿ ಬರ್ಕೊಂಡ್ರು.

ಅತ್ತೆಯರಿಗೆ ಅಪ್ಪನೇ ಫೋನ್ ಮಾಡಿದ್ರು. ಹಕ್ಕು ಬಿಡಿ ಅಂತ ಕೇಳಲ್ಲ, ಜೊತೆಗೆ ಬಂದು ಸಹಿ ಹಾಕಿ ಅಂತಷ್ಟೇ ಕೇಳ್ತೀನಿ, ಸಾಲ ತೀರಿದ ಮೇಲೂ ಮನೆ ಮೂವರದೂ ಅಂದ್ರು. ದೊಡ್ಡತ್ತೆ ತಕ್ಷಣ ಹೂಂ ಅಂದ್ರು. ಚಿಕ್ಕತ್ತೆ ಮನೇಲಿ ಮಾವನವರನ್ನ ಕೇಳಿ ಹೇಳ್ತೀನಿ ಅಂದಿದಾರೆ, ಗೌರಿ ಹಬ್ಬಕ್ಕೆ ಬರ್ತಾರೆ, ಆಗ ನಾನೇ ಕೂತು ಬ್ಯಾಂಕಿನ ಕಾಗದ ಒಂದೊಂದೂ ಓದಿ ಹೇಳ್ಬೇಕು. ವಂಶವೃಕ್ಷಕ್ಕೆ ನಿನ್ನೆ ಅರ್ಜಿ ಕೊಟ್ವಿ, ಮೂರೂ ಜನರ ಹೆಸರು ಹಾಕಿ. ತಾತನ ಹೆಸರು ಮರಣ ಪತ್ರದಲ್ಲಿ ಒಂಥರ, ಖಾತೆಯಲ್ಲಿ ಇನ್ನೊಂಥರ ಇದೆ, ಒಂದರಲ್ಲಿ ಗೌಡ ಇದೆ ಇನ್ನೊಂದರಲ್ಲಿ ಇಲ್ಲ. ಇದಕ್ಕೆ ಅಫಿಡವಿಟ್ ಸಾಕಾ ಸರ್, ಇಲ್ಲ ಬೇರೆ ಏನಾದ್ರೂ ಮಾಡಿಸ್ಬೇಕಾ?

ನಿವೃತ್ತ ಶಾಖಾ ವ್ಯವಸ್ಥಾಪಕ

ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಜೊತೆಗೆ ತಾತನ ಹಳೇ ರೇಷನ್ ಕಾರ್ಡೋ ವೋಟರ್ ಕಾರ್ಡೋ ಹುಡುಕಿ ಇಟ್ಕೊಳ್ಳಿ. ಎರಡನ್ನೂ ಬ್ಯಾಂಕಿನ ಪ್ಯಾನಲ್ ವಕೀಲರಿಗೆ ಈಗಲೇ ತೋರಿಸಿ, ಅವರಿಗೆ ಬೇರೆ ಏನಾದ್ರೂ ಬೇಕಿದ್ರೆ ಹಬ್ಬದೊಳಗೆ ಗೊತ್ತಾಗ್ಲಿ.